ಚಿಲ್ಲರೆ ಆಮೇಲೆ

ಜಿಲ್ಲಾಸ್ಪತ್ರೆ, ದುರ್ಗ. ಹದಿನಾಲ್ಕನೇ ನಂಬರಿನ ರೂಮು.
ಗೋಡೆಗೆ ಆನೆ, ಬಾಳೆಹಣ್ಣು, ಛತ್ರಿ, ಬೀಗ,
ಚಿಕ್ಕ ಮಕ್ಕಳ ಪಟ.
ಅದರ ಮುಂದೆ ನಮ್ಮ ಯಜಮಾನರು,
ಇಪ್ಪತ್ತೊಂಬತ್ತು ವರ್ಷ ಕಂಡಕ್ಟರು,
ಬೀಗ ತೋರಿಸಿ 'ಇದೇನು?' ಅಂದರೆ
ಬೆವರುತ್ತಾರೆ.

ಗೊತ್ತಿಲ್ಲ ಅಂತಲ್ಲ.
ಬಲಗೈ ತೊಡೆಯ ಮೇಲೆ ಬಿದ್ದೈತೆ, ಯಾರದೋ ಕೈಯ ಹಾಗೆ.
ಎಡಗೈ ಗಾಳಿಯಲ್ಲಿ ಕೀ ತಿರುವುತ್ತದೆ.
ಬಾಯಿ ಮಾತ್ರ 'ತ... ತ... ತಟ್ಟೆ.'
ತಟ್ಟೆ ಅಲ್ಲ ಅಂತ ಅವರಿಗೇ ಗೊತ್ತು.
ಅದೇ ಕಷ್ಟ.

'ಮಾತು ಹೋಗಿಲ್ಲ ಅಮ್ಮ' ಅಂತಾಳೆ ಇಫ್ಫತ್,
ಡಾಕ್ಟ್ರಲ್ಲ, ಮಾತು ಕಲಿಸೋ ಹುಡುಗಿ,
ನನ್ನ ಕೊನೇ ಮಗಳ ವಯಸ್ಸು.
'ಒಳಗೆ ಎಲ್ಲಾ ಇದೆ. ಮಿದುಳಲ್ಲಿ ರಕ್ತ ಕಟ್ಟಿ
ಮಾತು ಹುಡುಕೋ ಜಾಗಕ್ಕೆ ಪೆಟ್ಟಾಗಿದೆ. ಬುದ್ಧಿಗಲ್ಲ.'
ಅದಕ್ಕೊಂದು ಹೆಸರೂ ಹೇಳಿದಳು, ಅಫೇಸಿಯಾ.
ಆ ಹೆಸರು ನನ್ನ ಬಾಯಲ್ಲೂ ನಿಲ್ಲಲಿಲ್ಲ.
ನನ್ನಷ್ಟಕ್ಕೆ ನಾನು ಹೀಗೆ ತಿಳಕೊಂಡೆ:
ಬ್ಯಾಗಿನಲ್ಲಿ ದುಡ್ಡು ಐತೆ,
ಎಲ್ಲಾ ಐನೂರರ ನೋಟು.
ಚಿಲ್ಲರೆ ಇಲ್ಲ.

ಬೀದಿಯವರಿಗೆ ಇಷ್ಟು ಸಾಲದು.
ಗಂಗಮಾಳಮ್ಮ ಬಂದು
ಕಿವುಡರಿಗೆ ಕೂಗಿದ ಹಾಗೆ ಕೂಗಿದಳು.
ಅವರ ಸ್ವಂತ ತಮ್ಮ, ಅವರೆದುರಿಗೇ,
'ಅಣ್ಣಂಗೆ ಈಗ ಏನಾದ್ರೂ ತಿಳೀತದಾ?' ಅಂದ.
ಎಲ್ಲಾ ಕೇಳಿಸಿಕೊಂಡು
ಗೋಡೆ ಕಡೆ ತಿರುಗಿ ಮಲಗಿದವರು
ಎರಡು ದಿನ ಅನ್ನ ಮುಟ್ಟಲಿಲ್ಲ.
ಪಾರಿವಾಳದ ರಕ್ತ ಹಚ್ಚಿ ಅಂದರು ಯಾರೋ.
ಹಚ್ಚಿದೆ. ಸುಳ್ಳು ಯಾಕೆ ಹೇಳಲಿ,
ಅಂಗಿಯ ಕಲೆ ಇನ್ನೂ ಹೋಗಿಲ್ಲ.

ಒಂದು ದಿನ ಕೈಜಾರಿ ಮಾತ್ರೆ ಬಿತ್ತು.
ಬಂತು ನೋಡಿ ಬೈಗುಳ!
ಒತ್ತು ದೀರ್ಘ ಏನೂ ಕೆಡದೆ, ತೊಳೆದಿಟ್ಟ ಹಾಗೆ.
ಡಿಪೋದಲ್ಲೂ ಬಾಯಿ ಹೊಲಸು ಮಾಡಿಕೊಂಡವರಲ್ಲ.
ನಾನು ನಾಚಿ ಸತ್ತೆ, ಇಫ್ಫತ್ ಚಪ್ಪಾಳೆ ತಟ್ಟಿದಳು.
'ಬೈಗುಳ, ಮಗ್ಗಿ, ದೇವರನಾಮ,
ಇವು ಬೇರೆ ದಾರೀಲಿ ಬರ್ತವೆ ಅಮ್ಮ.
ಇವರಿಗೆ ಬಾಯಿಪಾಠ ಏನಿದೆ?'

ನಾನು 'ದುರ್ಗ' ಅಂದೆ. ಅಷ್ಟೇ.
ಕಿಟಕಿಯಾಚೆ ನೋಡುತ್ತ ಶುರುವಾದರು:
ಸೀಬಾರ, ಲಕ್ಷ್ಮೀಸಾಗರ, ಭರಮಸಾಗರ,
ಹೆಬ್ಬಾಳು, ಆನಗೋಡು,
ದಾವಣಗೆರೆ ಇಳೀರಿ ಇಳೀರಿ, ಸಾಮಾನು ನೋಡಿಕೊಳ್ಳಿ.
ನಾನು ಪಾಯಖಾನೆಗೆ ಹೋಗಿ
ನಲ್ಲಿ ಬಿಟ್ಟುಕೊಂಡು ಅತ್ತೆ.

ಹೊರಗೆ ಬಂದರೆ ನನಗೂ ಒಂದು ಕುರ್ಚಿ ಎಳೆದಿದ್ದಳು.
'ನಿಮಗೆ ನಿದ್ದೆ ಬರುತ್ತಾ?'
ನಾಲ್ಕು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ.
'ಅವರು ಮಲಗಿದ್ರೆ ಮಲಗ್ತೀನಿ.'
ಬರೆದುಕೊಂಡಳು. ನನ್ನ ಹೆಸರಿಗೊಂದು ಚೀಟಿ ಕೊಟ್ಟಳು,
ಮೇಲಿನ ಮಹಡಿ, ಬುಧವಾರ, ಸುಮ್ಮನೆ ಮಾತಾಡೋದಕ್ಕೆ.
ಮಾತಾಡೋದಕ್ಕೂ ಚೀಟಿ!
ಇನ್ನೂ ಹೋಗಿಲ್ಲ.
ಸೆರಗಲ್ಲಿ ಗಂಟು ಹಾಕಿಟ್ಟಿದ್ದೀನಿ.

ಇವತ್ತು ನನ್ನ ಕಡೆ ಬೆರಳು ತೋರಿ 'ಇವರ ಹೆಸರು?' ಅಂದಳು.
ನೋಡಿದರು. ನೋಡಿದರು. ತುಟಿ ತಡಕಾಡಿತು.
'ಮೊದಲು ನೀವು ಅವರನ್ನ ಹೆಸರು ಹಿಡಿದು ಕರೀರಿ.'
ನಾನೇ?
ಮದುವೆ ದಿನ ಒಡಪಿನೊಳಗೆ ಅಡಗಿಸಿ ಹೇಳಿದ್ದು ಒಂದೇ ಸಲ.
ಆಮೇಲೆ 'ರೀ,' 'ಕೇಳಿಸ್ತಾ,' 'ನಮ್ಮನೆಯವರು.'
ಮೂವತ್ತೊಂದು ವರ್ಷದ ಬೀಗ, ಕೀ ಎಲ್ಲೋ.
'ಪಾ... ಪಾಲಯ್ಯ.'
ನನ್ನ ನಾಲಿಗೆಯೂ ತೊದಲಿತು.
ಅವರು ಅರ್ಧ ಬಾಯಲ್ಲಿ ನಕ್ಕರು.
ನನ್ನ ಹೆಸರು ಬರಲಿಲ್ಲ.

ಆಟೋದಲ್ಲಿ ಸೆರಗಿನ ಗಂಟು ಬಿಚ್ಚಿಸಿ
ಆ ಚೀಟಿ ಇಸಕೊಂಡು, ಪೆನ್ನು ಕೇಳಿ,
ಹಿಂದುಗಡೆ ಎಡಗೈಯಲ್ಲಿ ಏನೋ ಗೀಚಿದರು.
ಒಂದು ಸೊಟ್ಟ ಅಂಕಿ, ಸುತ್ತಲೂ ಗೆರೆ,
ಟಿಕೆಟಿನ ಹಿಂದೆ ಬಾಕಿ ಬರೀತಿದ್ದರಲ್ಲ, ಹಾಗೆ.
ಎಷ್ಟು ಅಂತ ಓದಲಾಗಲಿಲ್ಲ.

ಇರಲಿ ಪಾಲಯ್ಯ,
ನಾನು ಇಳಿಯೋ ಸ್ಟಾಪು ಇನ್ನೂ ದೂರ ಐತೆ.