ಮೈನಸ್ ನಲವತ್ತು

ಯಾಕುತ್ಸ್ಕ್‌ನ ಜನವರಿ. ಬೆಳಗ್ಗೆ ಹತ್ತಾದರೂ
ಬೀದಿದೀಪಗಳು ಮಂಜಿನಲ್ಲಿ
ಮೊಟ್ಟೆಯ ಹಳದಿ ಲೋಳೆಯಂತೆ ತೇಲುತ್ತಿದ್ದವು.
ಅಫನಾಸಿ ಮುದುಕ ಕಾರಿಗೆ ಹಗ್ಗ ಬಿಗಿದು ಎಳೆಸಿಕೊಂಡು ಬಂದ.
ಬಾನೆಟ್ಟಿಗೆ ಹೊದಿಸಿದ ಕೌದಿ ಹಲಗೆಯಾಗಿತ್ತು.

"ರಾತ್ರಿಯಿಡೀ ಕುಡೀತದೆ, ಬೆಳಗ್ಗೆ ಏಳೋದಿಲ್ಲ," ಅಂದ,
"ಥೇಟು ನನ್ನ ಮೈದುನ."
ನ್ಯುರ್ಗುಯಾನಾ ನಗಲಿಲ್ಲ.
ಪ್ಲಗ್ಗು ಬಿಚ್ಚಿ ಮೂಗಿಗೆ ಹಿಡಿದಳು.
ಕಪ್ಪು. ಒದ್ದೆ. ಕಂಠಪೂರ್ತಿ ಪೆಟ್ರೋಲು.

ನಾನು ದೀಪ ಹಿಡಿಯುವವನು,
ಓಶ್ ಕಡೆಯ ಬೆಕ್ತೆಮಿರ್, ಇದು ನನ್ನ ಎರಡನೇ ಚಳಿಗಾಲ.
"ಇಂಜೆಕ್ಟರ್ ಸೋರ್ತಿರಬೇಕು," ಎಂದು ಜಾಣತನ ಮೆರೆದೆ.
ಅವಳು ಗೇಜು ಸಿಕ್ಕಿಸಿ, ಪಂಪು ನಿಲ್ಲಿಸಿ, ಕಾದಳು.
ಮುಳ್ಳು ಹಟ ಹಿಡಿದ ಕತ್ತೆಯ ಹಾಗೆ
ಹತ್ತು ನಿಮಿಷ ನಿಂತಲ್ಲೇ ನಿಂತಿತು.
"ಸೋರಿದ್ದರೆ ಇಳೀಬೇಕಿತ್ತು.
ಅವು ಹೇಳಿದಷ್ಟೇ ಸುರೀತವೆ, ಪಾಪ.
ಹೇಳ್ತಿರೋದು ಯಾರು, ಅದನ್ನ ಕೇಳು."

ಸ್ಕ್ಯಾನರಿನ ಪರದೆಯಲ್ಲಿ ಎಂಜಿನ್ನಿನ ಉಷ್ಣತೆ:
ಮೈನಸ್ ನಲವತ್ತು.
ಅಫನಾಸಿ ಕಿಟಕಿಯತ್ತ ಬೆರಳು ಮಾಡಿದ, "ಸರಿಯಾಗೇ ಇದೆಯಲ್ಲ!"
ಹೊರಗಿನ ಥರ್ಮಾಮೀಟರೂ ಅದನ್ನೇ ಹೇಳುತ್ತಿತ್ತು.

ಇದೇ ತೊಡಕು.
ತಂತಿ ಕಡಿದ ಸೆನ್ಸರು ಹೇಳುವುದೂ ಈ ಅಂಕಿ,
ಲೇನಾ ನದಿಯ ಮೇಲಿನ ಗಾಳಿ ಹೇಳುವುದೂ ಇದನ್ನೇ.
ಬೇರೆ ಊರಲ್ಲಾದರೆ ಗಳಿಗೆಯಲ್ಲಿ ಸಿಕ್ಕಿಬೀಳುವ ಸುಳ್ಳಿಗೆ
ಇಲ್ಲಿ ಊರಿಗೆ ಊರೇ ಸಾಕ್ಷಿ.

ಅವಳು ಬಾಗಿಲೆಳೆದಳು, ಹೀಟರು ಏರಿಸಿದಳು,
ಮೂರು ಲೋಟಕ್ಕೆ ಹಾಲು ಚಹಾ ಬಗ್ಗಿಸಿದಳು.
"ಕೂತ್ಕೊಳ್ಳಿ. ನಿಜವಾದ ಚಳಿಯಾದರೆ ಕರಗ್ತದೆ."

ಚಕ್ರದ ಹಿಮ ಕರಗಿ ನೆಲದ ಮೇಲೆ ಕಪ್ಪಗೆ ಹರಿಯಿತು.
ಕೌದಿ ಮೆತ್ತಗಾಗಿ ಮತ್ತೆ ಬಟ್ಟೆಯಾಯಿತು.
ಮುದುಕ ಟೋಪಿ ತೆಗೆದ, ಆಮೇಲೆ ಕೋಟು, ಆಮೇಲೆ ತೂಕಡಿಸಿದ.
ಎಂಜಿನ್ನಿಗೆ ಅಂಗೈ ಒತ್ತಿದೆ, ಚಳಿ ಬಿಟ್ಟಿತ್ತು.
ಪರದೆಯಲ್ಲಿ ಮಾತ್ರ ಮೈನಸ್ ನಲವತ್ತು.

ಆಗ ನಕ್ಕಳು.
ಕನೆಕ್ಟರಿನ ಬುಡದಲ್ಲಿ, ರಬ್ಬರಿನೊಳಗೆ,
ಹೊರಗಿಂದ ಗೊತ್ತೇ ಆಗದಂತೆ ತುಂಡಾಗಿತ್ತು ತಂತಿ.
ಕಂಪ್ಯೂಟರಾದರೋ, ಕೂಸು ಚಳಿಗೆ ಸೆಟೆದಿದೆಯೆಂದು ನಂಬಿ
ಬೆಚ್ಚಗಿದ್ದದ್ದಕ್ಕೂ ಕುಡಿಸುತ್ತಲೇ ಇತ್ತು, ಕುಡಿಸುತ್ತಲೇ.

ಒಂದು ಬೆಸುಗೆ. ಅಂಕಿ ಹದಿಮೂರಕ್ಕೆ ನೆಗೆಯಿತು.
ಮೂರನೇ ಸಲಕ್ಕೆ ಎಂಜಿನ್ನು ಕೆಮ್ಮಿ, ಕರಿಹೊಗೆ ಕಕ್ಕಿ,
ತನ್ನ ದನಿಗೆ ಬಂತು.
ಅಫನಾಸಿ ಹಣದ ಜತೆ ಒಂದು ಮೀನನ್ನೂ ಇಟ್ಟು ಹೋದ,
ದೊಣ್ಣೆಯಂತೆ ಗೋಡೆಗೆ ಒರಗಿಸಿ.

ರಾತ್ರಿ ತಂಗಿ ಜಿಬೆಕ್ ಫೋನು ಮಾಡಿದಳು.
ಹೇಗಿದ್ದೀ? ಚೆನ್ನಾಗಿದ್ದೀನಿ.
ಊಟ? ಆಯ್ತು.
ಚಳಿ? ಅಷ್ಟೇನಿಲ್ಲ.
ಎರಡು ವರ್ಷದಿಂದ ಇವೇ ಮೂರು ಮಾತು.

ಇವತ್ತು ಅವಳು ಫೋನು ಇಡಲಿಲ್ಲ.
ಆ ಕಡೆ ಚಹಾ ಬಗ್ಗಿಸುವ ಸದ್ದು,
ಯಾರೋ ಬಾಗಿಲೆಳೆದ ಸದ್ದು.
ಮಾತಿಲ್ಲ.
ಕಾಯುತ್ತಿದ್ದಳು.