ನೂರಿಪ್ಪತ್ತು ಗಂಟೆಯೊಳಗೆ

ಗುಳಿಗೆ ಗುರುವಾರ ಕೊಡಬೇಕು.
ಸೋಮವಾರವಾದರೆ ತೀರ ಬೇಗ, ಶನಿವಾರ ಸಂಜೆಯಾದರೆ ತಡ.
ಗಡಿ ಮುಟ್ಟುವ ಇಪ್ಪತ್ತನಾಲ್ಕು ಗಂಟೆ ಮೊದಲು,
ಆದರೆ ನೂರಿಪ್ಪತ್ತು ಗಂಟೆಯೊಳಗೆ.
ಫಿನ್ಲೆಂಡಿನ ಕಾಯಿದೆಗೆ ಲಾಡಿಹುಳುವಿನ ಭಯ.
ಪಕ್ಕದ ಮನೆಯ ಹೆಲ್ದುರ್ ಕಾಗದ ಓದಿ ಹೇಳುತ್ತಾನೆ,
ಓದಿದ್ದನ್ನೇ ಇನ್ನೊಮ್ಮೆ ಓದುತ್ತಾನೆ,
ಎರಡನೆಯ ಸಲಕ್ಕೆ ಏನಾದರೂ ಬದಲಾದೀತೆಂಬಂತೆ.

ಸಮ್ಮಲ್ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದಾನೆ.
ಸಮ್ಮಲ್ ಎಂದರೆ ನಮ್ಮಲ್ಲಿ ಪಾಚಿ.
ಕಡಲಾಚೆಯ ಭಾಷೆಯಲ್ಲೂ ಅದೇ ಮಾತು, ಅದೇ ಅರ್ಥ.
ಅಷ್ಟರ ಮಟ್ಟಿಗೆ ಅನುಕೂಲ.

ಡಾಕ್ಟರ್ ಮರೆಟ್ ಅವನ ಹೆಗಲ ಮೇಲೆ ಯಂತ್ರ ಆಡಿಸಿದಳು.
ಬೀಪ್.
ಚರ್ಮದಡಿಯ ಅಕ್ಕಿಕಾಳು ಹದಿನೈದು ಅಂಕಿ ಒಪ್ಪಿಸಿತು,
ನಾನು ಬೆರಳು ಮಡಚಿ ಎಣಿಸಿದೆ.
ರೇಬೀಸ್ ಚುಚ್ಚುಮದ್ದು, ಸರಿ. ಠಸ್ಸೆ, ಸರಿ.
“ಫೋಟೊ ಅಂಟಿಸುವ ಜಾಗ ಖಾಲಿಯಿದೆ. ಕಡ್ಡಾಯವೇನಲ್ಲ.”
ಇರಲಿ ಬಿಡಿ ಎಂದೆ.
ಎಂಟು ವರ್ಷ ಅವನ ಮುಖ ನನಗೆ ಅಂಗೈಯಲ್ಲೇ ಸಿಕ್ಕಿದೆ:
ಎಡಗಿವಿಯ ಅಂಚಿನ ಸೀಳು,
ಹುಬ್ಬಿನ ಮೇಲಿನ ಮೂರು ಒರಟು ಕೂದಲು.
ಗದ್ದ ಪೂರ್ತಿ ನರೆತಿದೆ ಎಂದಳು.
ನರೆತದ್ದು ಬೆರಳಿಗೆ ತಿಳಿಯುವುದಿಲ್ಲ.
ನನಗೆ ತಿಳಿದದ್ದು ಮೆಟ್ಟಿಲಲ್ಲಿ.
ಈ ಚಳಿಗಾಲ, ಮೂರನೆಯ ಮೆಟ್ಟಿಲಿಗೆ ಬಂದಾಗಲೆಲ್ಲ,
ಕೈಯೊಳಗಿನ ಹಿಡಿ ಒಂದು ಗಳಿಗೆ ಯೋಚಿಸುತ್ತಿತ್ತು.

ಗುಳಿಗೆಯನ್ನು ಉಪ್ಪುಮೀನಿನೊಳಗೆ ಹುದುಗಿಸಿ ಕೊಟ್ಟಳು.
ಮೀನು ನುಂಗಿದ. ಗುಳಿಗೆ ನನ್ನ ಬೂಟಿನ ಮೇಲೆ ಬಿತ್ತು.
ಎರಡನೆಯ ಮೀನು, ಅದೇ ಕತೆ.
ಮೂರನೆಯದಕ್ಕೆ ಸೋತ.
ಹನ್ನೊಂದು ಗಂಟೆ ನಲವತ್ತು ನಿಮಿಷ ಎಂದು ಬರೆದುಕೊಂಡಳು.
ಪೆನ್ನಿನ ಮುಚ್ಚಳ ಹಾಕಿದ ಸದ್ದಿನಿಂದ ನನ್ನ ಲೆಕ್ಕ ಶುರು.

ಹಡಗಿನ ಕಚೇರಿಗೆ ಫೋನು.
“ಸಹಾಯಕ ನಾಯಿಗೆ ದುಡ್ಡಿಲ್ಲ ಮೇಡಂ,
ಮೇಲಿನ ಡೆಕ್ಕಿನಲ್ಲಿ ಮರಳಿನ ತೊಟ್ಟಿಯಿದೆ, ಹೊರಕಡೆಗೆ.”
ಹುಡುಗಿಯ ಮಾತು ಚುರುಕು, ಬೆರಳು ಇನ್ನೂ ಚುರುಕು.
“ಭಾನುವಾರ ಹೋಗುವುದಕ್ಕೆ ಒಬ್ಬರು, ಒಂದು ನಾಯಿ.
ಬುಧವಾರ ಬರುವುದಕ್ಕೂ ಅಷ್ಟೇ ಅಲ್ಲವೇ?”
ಅಲ್ಲ ಎಂದೆ.
ಟಕಟಕ ನಿಂತಿತು.
ಬರುವುದಕ್ಕೆ ಒಬ್ಬರು.

ಪೊರ್ವೊದ ತುವೊವಿ ಅವನನ್ನು ಮರಿಯಲ್ಲಿ ಸಾಕಿದವಳು,
ಎಂಟು ವಾರದ ಉಂಡೆಯಿಂದ, ಶಾಲೆಗೆ ಕಳಿಸುವವರೆಗೆ.
ಬುಟ್ಟಿ ಇನ್ನೂ ಇಟ್ಟಿದ್ದಾಳಂತೆ; ಈಗ ಅವನ ತಲೆಯೊಂದೇ ಹಿಡಿಸೀತು.
ಅವಳ ಮನೆಗೆ ಮೆಟ್ಟಿಲಿಲ್ಲ.
ನನ್ನದು ತಾರ್ತುವಿನ ಹಳೆಯ ವಠಾರ, ನಾಲ್ಕನೆಯ ಮಹಡಿ,
ಲಿಫ್ಟಿನ ಮಾತು ಸೋವಿಯತ್ ಕಾಲದಿಂದಲೂ ನಡೆಯುತ್ತಲೇ ಇದೆ.
ಇದಿಷ್ಟನ್ನೇ ಎಲ್ಲರಿಗೂ ಹೇಳುತ್ತೇನೆ, ಹೆಲ್ದುರ್‌ಗೂ.
ಮಿಕ್ಕದ್ದನ್ನು ಅವನೂ ಕೇಳುವುದಿಲ್ಲ.

ಪಿಯಾನೊಗಳಿಗೆ ಯಾರು ಹೇಳುತ್ತಾರೋ.
ನಾನು ಶ್ರುತಿ ಕೂಡಿಸುವಾಗ ಅವನು ಕೆಳಗೆ ಮಲಗಿರುತ್ತಿದ್ದ,
ತಂತಿ ನೆಲೆಗೆ ಬಂತೆಂದರೆ ಒಂದು ದೊಡ್ಡ ನಿಟ್ಟುಸಿರು.
ಶಾಲೆಯ ಮಕ್ಕಳು ಅದಕ್ಕೇ ಕಾಯುತ್ತಿದ್ದರು.
ಕೆಲವೊಮ್ಮೆ ತಪ್ಪು ತಂತಿಗೂ ಬಿಡುತ್ತಿದ್ದ. ಆಗ ನಾನೂ ಒಪ್ಪಿದ್ದುಂಟು.

ಚೀಲ ತುಂಬುತ್ತೇನೆ.
ಮಡಚುವ ಬಟ್ಟಲು, ಟವೆಲು, ಮೂರು ದಿನದ ಊಟ,
ಅವನು ಕಚ್ಚಿ ಕಚ್ಚಿ ಹಗ್ಗವೇ ಉಳಿಯದ ಹಗ್ಗದ ಗಂಟು.
ಎಲ್ಲದರ ಅಡಿಗೆ ಬಿಳಿ ಕೋಲು, ನಾಲ್ಕು ತುಂಡು, ನಡುವೆ ಎಲಾಸ್ಟಿಕ್ಕು,
ಎಂಟು ವರ್ಷ ಕಪಾಟಿನ ಹಿಂದೆ ಧೂಳು ಕುಡಿದದ್ದು.
ಸಮ್ಮಲ್ ಬಂದು ಅದನ್ನು ಮೂಸಿದ.
ಸೀನಿದ.
ಬಟ್ಟಲಿನ ಹತ್ತಿರ ಹೋಗಿ ಕೂತ.

ಶುಕ್ರವಾರ ಕತ್ತಲಾದ ಮೇಲೆ ಅವನನ್ನು ಒಳಗೇ ಬಿಟ್ಟು
ಕೋಲು ಹಿಡಿದು ಅಂಗಳದವರೆಗೆ ಹೋಗಿ ಬಂದೆ.
ಕೋಲಿಗೆ ಕಂಬ ಸಿಗುತ್ತದೆ, ಕಸದ ಡಬ್ಬಿ ಸಿಗುತ್ತದೆ.
ನಾಯಿಯ ಜೊತೆ ನನಗೆ ಸಿಗುತ್ತಿದ್ದದ್ದು
ಅವುಗಳ ನಡುವಿನ ದಾರಿ.
ಮೇಲೆ, ಬಾಗಿಲ ಹಿಂದೆ, ಬಾಲ ನೆಲಕ್ಕೆ ಬಡಿಯುತ್ತಿತ್ತು.
ಹತ್ತುವಾಗ ಮೂರನೆಯ ಮೆಟ್ಟಿಲಲ್ಲಿ
ನಿಂತವಳು ನಾನು.
ಗುಳಿಗೆ ನುಂಗಿ ಮೂವತ್ತೆರಡು ಗಂಟೆಯಾಗಿತ್ತು.