ಎಡಕ್ಕ ಹೊಳ್ಳು, ಹುಲಿಗೆಮ್ಮ

ಇಪ್ಪತ್ಮೂರು ಮಂದಿಯ ಪಟ್ಟಿ ನಾನೇ ಬರೆದದ್ದು,
ನನ್ನ ಹೆಸರಿನ ಮೇಲೆ ಗೆರೆ ಎಳೆದದ್ದೂ ನಾನೇ.
ಅಪ್ಪ ಅಂಕಪಟ್ಟಿಯಲ್ಲಿ ತಿಮ್ಮಯ್ಯ, ಪಾಸ್‌ಪೋರ್ಟಿನಲ್ಲಿ ತಿಮ್ಮಪ್ಪ;
ವೀಸಾದವರಿಗೆ ಅವರಿಬ್ಬರೂ ಬೇರೆ ಬೇರೆ ಗಂಡಸರು.
ಗಂಜಿನಲ್ಲಿ ಹತ್ತಿ ತೂಗುವ ಅಪ್ಪ ನಕ್ಕ:
‘ಇಬ್ಬರಿಗೂ ಸೇರಿ ಒಂದೇ ಪಗಾರ ನೋಡವ್ವ.’

ಮೊದಲ ದಿನ ಬಂದ ಸುದ್ದಿ ಇಷ್ಟು.
ನಲ್ಲಿಯ ನೀರು ಹಾಗೇ ಕುಡಿಯಬಹುದಂತೆ, ಯಾರೂ ಕುಡಿಯಲಿಲ್ಲ.
ಒಂಬತ್ತು ಹೊಡೆದರೂ ಹೊತ್ತು ಮುಳುಗದೆ
ಅಮರೇಗೌಡ ಸರ್‌ಗೆ ಊಟ ಯಾವಾಗೆಂದು ತಿಳಿಯಲಿಲ್ಲ.
ಮಸ್ಕಿಯ ಖಾಜಾಹುಸೇನ ಲಿಫ್ಟಿನಲ್ಲಿ ಸಿಕ್ಕ ಮುದುಕಿಗೆ
‘ನಮಸ್ಕಾರ್ರೀ’ ಅಂದುಬಿಟ್ಟ; ಆಕೆಯೂ ಕೈ ಮುಗಿದಳು.
ಯಾರದೋ ಚೀಲದಲ್ಲಿ ಶೇಂಗಾ ಹಿಂಡಿಯ ಡಬ್ಬಿ ಒಡೆದು
ಎಲ್ಲರ ಅಂಗಿಗೂ ಒಂದೇ ಮನೆಯ ವಾಸನೆ.

ಇಲ್ಲಿ ರಾಯಚೂರಿನಲ್ಲಿ ನಲವತ್ತಮೂರು ಡಿಗ್ರಿ.
ತಾರಸಿಗೆ ನೀರು ಹೊಡೆದು, ಅದು ಹಬೆಯಾಗಿ ಹೋದಮೇಲೆ
ಚಾಪೆ ಹಾಸಿ ಫೋಟೊ ನೋಡುತ್ತೇನೆ:
ಸ್ವೆಟರಿನಲ್ಲಿ ಹುಲಿಗೆಮ್ಮ.
ಅದು ನನ್ನ ಸ್ವೆಟರು.
ಪಟೇಲ್ ರೋಡಿನ ಅಂಗಡಿಯಲ್ಲಿ, ಉರಿಬಿಸಿಲಲ್ಲಿ ಉಣ್ಣೆ ಕೇಳಿದಾಗ
ಅಂಗಡಿಯವ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ ಇತ್ತು.
ತೋಳು ಅವಳಿಗೆ ಉದ್ದ. ಮಡಚಿಕೊಂಡಿದ್ದಾಳೆ.

ಹೊಟ್ಟೆಕಿಚ್ಚು ಇಲ್ಲವೇ ಎಂದರೆ, ಇದೆ.
ಮೊದಲ ರಾತ್ರಿ ಗುಂಪಿನಿಂದ ಹೊರಬೀಳುವ ಗುಂಡಿಯ ಮೇಲೆ
ಬೆರಳಿಟ್ಟಿದ್ದೆ.
ಎಷ್ಟೋ ಹೊತ್ತು ಇಟ್ಟಿದ್ದೆ.

ಮೂರನೆಯ ರಾತ್ರಿ, ಒಂದೂವರೆಗೆ, ಫೋನು.
‘ಏ, ಎದ್ದೀಯೇನ? ತಪ್ಪಿಸ್ಕೊಂಡೀನಿ.
ಟ್ರಾಮಿಂದ ನಾನೊಬ್ಬಾಕೀನೇ ಇಳದೆ, ಅವರು ಇಳೀಲಿಲ್ಲ.
ಚಾರ್ಜು ಒಂಬತ್ತೇ ಉಳದದ, ನಕಾಶೆ ತಗದ್ರ ಫೋನು ಸಾಯ್ತದ.
ಸರ್‌ಗೆ ಹೇಳಬ್ಯಾಡ.’

ಗೆಂಟ್ ಎಂಬ ಆ ಊರನ್ನು ನಾನು ಕಂಡಿಲ್ಲ.
ಆದರೆ ಚಳಿಗಾಲದುದ್ದಕ್ಕೂ, ಲೈಬ್ರರಿಯ ಜವಾನ ಬೀಗದ ಕೈ ಅಲ್ಲಾಡಿಸುವತನಕ,
ಅಗ್ಗದ ವಸತಿ ಎಲ್ಲಿ, ಅಲ್ಲಿಂದ ಪ್ರಯೋಗಾಲಯಕ್ಕೆ ಎಷ್ಟು ಹೆಜ್ಜೆ,
ಯಾವ ಸೇತುವೆಗೆ ಮೆಟ್ಟಿಲು, ಯಾವುದಕ್ಕೆ ಇಳಿಜಾರು,
ಪೆನ್ಸಿಲಿನಲ್ಲಿ ಎಳೆದು ಅಳಿಸಿ ಎಳೆದು
ನಮ್ಮ ಓಣಿಗಿಂತ ಅದೇ ಹೆಚ್ಚು ಬಾಯಿಪಾಠವಾಗಿತ್ತು.

‘ಎದುರಿಗೆ ಏನದ?’
‘ಔಷಧಿ ಅಂಗಡಿ. ಹಸಿರು ಶಿಲುಬಿ ಮಿಣುಕ್ತದ.’
‘ಎಡಕ್ಕ ಹೊಳ್ಳು. ನೀರು ಕಾಣ್ತದೇನು?’
‘ಇಲ್ಲ… ಹಾಂ, ಬಾತುಕೋಳಿ.’
‘ಕಾಲುವೆ ಬಲಕ್ಕಿಟ್ಟು ನಡಿ.
ಮೂರು ಗೋಪುರ ಒಂದೇ ಸಾಲಾಗಿ ಕಾಣೋತನಕ ನಿಲ್ಲಬ್ಯಾಡ.’
‘ಮೂರು?’
‘ಮೂರು. ನಮ್ಮ ತೀನ್ ಕಂದೀಲ್ ಅಂತ ತಿಳಿ.’

ಅವಳು ನಕ್ಕದ್ದು ಕೇಳಿಸಿತು. ಆಮೇಲೆ ಬರೀ ಹೆಜ್ಜೆ,
ಕಲ್ಲುಹಾಸಿನ ಮೇಲೆ ಹೊಸ ಬೂಟಿನ ಕಟಕಟ.
ಅದನ್ನು ಎಣಿಸುತ್ತ ನಾನೂ ನಡೆದೆ,
ತಾರಸಿಯ ಈ ತುದಿಯಿಂದ ಆ ತುದಿಗೆ, ಬರಿಗಾಲಲ್ಲಿ,
ನಡುರಾತ್ರಿ ದಾಟಿದರೂ ಬಿಸಿ ಬಿಡದ ಗಾರೆಯ ಮೇಲೆ.
ಅಲ್ಲಿ ಸೇತುವೆ ಬಂದಾಗ ಇಲ್ಲಿ ನೀರಿನ ಟಾಕಿ.
ಅಲ್ಲಿ ಗಾಳಿ ಫೋನಿನೊಳಗೆ ಭರ್ರೆಂದಾಗ ಇಲ್ಲಿ
ತಂತಿಯ ಮೇಲಿನ ಅಪ್ಪನ ಧೋತರ ಅಲುಗಲಿಲ್ಲ.
ದೂರದಲ್ಲಿ ಶಕ್ತಿನಗರದ ಚಿಮಣಿಯ ಕೆಂಪು ದೀಪ
ಹತ್ತುತ್ತಿತ್ತು, ಆರುತ್ತಿತ್ತು.

‘ಕಂಡ್ವು’ ಅಂದಳು. ‘ಎರಡೇ ಕಾಣ್ತಾವಲ್ಲ?’
‘ಇನ್ನೊಂದಿಷ್ಟು ಮುಂದ. ಒಂದರ ಹಿಂದ ಒಂದು ಅಡಗ್ಯಾವ.’
ಮಾತಿಲ್ಲ.
‘ಹುಲಿಗೀ?’

ಫೋನು ಸತ್ತಿರಬೇಕು. ಸತ್ತದ್ದು ಫೋನೇ ಎಂದು
ಒಂದು ತಾಸು ನನಗೆ ನಾನೇ ಹೇಳಿಕೊಂಡೆ.

ಎರಡು ನಲವತ್ತಕ್ಕೆ ಅಮರೇಗೌಡ ಸರ್
ದಿನದಂತೆ ಗುಂಪಿಗೆ ಹಾಕಿದರು:
‘ತಲೆ ಎಣಿಸಿದೆ. ಎಲ್ಲರೂ ಬಂದು ಮಲಗ್ಯಾರ. ಇಪ್ಪತ್ಮೂರು.’

ತಮ್ಮನ್ನೂ ಎಣಿಸಿಕೊಂಡರೋ, ಹಳೆಯ ಪಟ್ಟಿ ನೋಡಿದರೋ.
ಯಾರೂ ತಿದ್ದಲಿಲ್ಲ.

ಕೆಳಗೆ ಅಂಗಳದ ನಲ್ಲಿ ಎರಡು ಸಲ ಕೆಮ್ಮಿತು.
ನಾಲ್ಕು ದಿನಕ್ಕೊಮ್ಮೆ ಬರುವ ನೀರು.
ಕೊಡ ಹಿಡಿಯಲು ಇಳಿದೆ.